ದಾರಿಯಲ್ಲೇ ಉಳಿದ ಕಾಗದ

ರಿಡ್ಲಿ ಸ್ಕಾಟ್ ಅವರ ‘ನೆಪೋಲಿಯನ್’ ಚಿತ್ರವನ್ನು 2023ರ ನವೆಂಬರ್‌ನಲ್ಲಿ ಜೆ.ಪಿ. ನಗರದಲ್ಲಿ ನೋಡಿದ್ದೆ. ಈಚೆಗೆ ಮತ್ತೊಮ್ಮೆ ನೋಡಿದೆ. ಫಿರಂಗಿ ದಳದ ಅಧಿಕಾರಿಯೊಬ್ಬ 1804ರಲ್ಲಿ ತನ್ನ ತಲೆಗೆ ತಾನೇ ಕಿರೀಟ ಇಟ್ಟುಕೊಂಡು, 1815ರಲ್ಲಿ ವಾಟರ್ಲೂನಲ್ಲಿ ಸೋತು, 1821ರಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿ ಸೆರೆಯಾಳಾಗಿ ಸತ್ತ ಕಥೆ ಇದು. ಈ ಏಳುಬೀಳಿಗೆ ಚಿತ್ರ ಹಿಡಿದಿರುವ ಎಳೆ, ಅವನು ಹೆಂಡತಿ ಜೋಸೆಫೀನಳಿಗೆ ಬರೆದ ಕಾಗದಗಳು.

ಕಾಗದದ ಮೂಲಕ ದೊರೆಯ ಒಳಮನೆ ಹೊಗುವುದು ಒಳ್ಳೆಯ ದಾರಿಯೇ. ಗಿರೀಶ ಕಾರ್ನಾಡರು ಟಿಪ್ಪುವಿನ ಕನಸುಗಳನ್ನು ಕುರಿತ ನಾಟಕದಲ್ಲಿ ಅದನ್ನೇ ಮಾಡಿದರು. ಟಿಪ್ಪು ತಾನೇ ಬರೆದಿಟ್ಟ 37 ಕನಸುಗಳ ದಾಖಲೆ ಅವರ ಕೈಯಲ್ಲಿ ರಾಜಕಾರಣದ ಕನ್ನಡಿಯಾಯಿತು. ಇಂಗ್ಲಿಷರನ್ನು ಓಡಿಸುವ ಹಂಬಲ, ಮಕ್ಕಳನ್ನು ಒತ್ತೆಯಿಟ್ಟ ಸಂಕಟ, ನಾಡನ್ನು ಹೊಸದಾಗಿ ಕಟ್ಟುವ ಆಸೆ, ಎಲ್ಲವೂ ಅಲ್ಲಿ ಒಂದೇ ಮನಸ್ಸಿನಲ್ಲಿ ಕದಡಿಕೊಂಡಿವೆ. ಸ್ಕಾಟ್ ಅವರ ಕೈಯಲ್ಲಿ ಕಾಗದಗಳು ಮಲಗುವ ಕೋಣೆಯನ್ನು ದಾಟುವುದಿಲ್ಲ.

ಈಜಿಪ್ಟಿನ ಭಾಗವನ್ನೇ ನೋಡಿ. ಪಿರಮಿಡ್ಡಿಗೆ ಗುಂಡು ಹಾರುತ್ತದೆ. ಹಾಗೆ ನಡೆದೇ ಇರಲಿಲ್ಲ. ಹೆಂಡತಿಯ ಪ್ರಣಯದ ಸುದ್ದಿ ತಿಳಿದದ್ದೇ ನಾಯಕ ಪ್ಯಾರಿಸ್ಸಿಗೆ ಹೊರಡುತ್ತಾನೆ. ವಾಸ್ತವದಲ್ಲಿ ಆ ಸುದ್ದಿ ತಿಳಿದದ್ದು 1798ರ ಬೇಸಿಗೆಯಲ್ಲಿ. ಅವನು ಈಜಿಪ್ಟ್ ಬಿಟ್ಟದ್ದು 1799ರ ಆಗಸ್ಟ್‌ನಲ್ಲಿ, ಏಕರ್ ಕೋಟೆಯೆದುರು ಸೋತ ಮೇಲೆ. ಈ ನಡುವೆ, 1799ರ ಜನವರಿಯಲ್ಲಿ, ಕೈರೋದಿಂದ ಅವನು ಟಿಪ್ಪುವಿಗೆ ಒಂದು ಕಾಗದ ಬರೆದ. ದೊಡ್ಡ ಸೈನ್ಯದೊಡನೆ ಕೆಂಪು ಸಮುದ್ರದ ದಡಕ್ಕೆ ಬಂದಿದ್ದೇನೆ, ನಿಮ್ಮನ್ನು ಇಂಗ್ಲೆಂಡಿನ ನೊಗದಿಂದ ಬಿಡಿಸುವ ಆಸೆಯಿದೆ, ನಂಬಿಕೆಯ ಒಬ್ಬರನ್ನು ಕಳಿಸಿ ಎಂಬುದು ಅದರ ಸಾರ. ಕಾಗದ ಬ್ರಿಟಿಷರ ಕೈಗೆ ಸಿಕ್ಕಿತು. ಜೋಸೆಫೀನಳ ವಿಷಯದಲ್ಲಿ ನೊಂದು ಅಣ್ಣ ಜೋಸೆಫನಿಗೆ ಬರೆದ ಕಾಗದವೂ ಅವರ ಕೈಗೇ ಸಿಕ್ಕಿತ್ತು. ಚಿತ್ರ ಆ ನೋವನ್ನಷ್ಟೇ ಎತ್ತಿಕೊಂಡು, ಶ್ರೀರಂಗಪಟ್ಟಣಕ್ಕೆ ಹೊರಟಿದ್ದ ಕಾಗದವನ್ನು ಕೈಬಿಟ್ಟಿದೆ. ಹೀಗಾಗಿ ಈಜಿಪ್ಟಿಗೆ ಅವನು ಹೋದದ್ದಾದರೂ ಯಾಕೆ ಎಂಬುದೇ ನೋಡುವವರಿಗೆ ತಿಳಿಯುವುದಿಲ್ಲ. ಬ್ರಿಟನ್ನಿಗೆ ಭಾರತದ ದಾರಿ ಕಡಿಯುವುದು ಆ ದಂಡಯಾತ್ರೆಯ ದೊಡ್ಡ ಉದ್ದೇಶಗಳಲ್ಲಿ ಒಂದು.

ಇದರ ಪೆಟ್ಟು ಬೀಳುವುದು ಕೊನೆಯಲ್ಲಿ. ವಾಟರ್ಲೂನಲ್ಲಿ ವೆಲಿಂಗ್ಟನ್ ಇದ್ದಕ್ಕಿದ್ದಂತೆ ಎದುರು ನಿಲ್ಲುತ್ತಾನೆ, ಹಿಂದಿನ ಕಥೆಯೇ ಇಲ್ಲದವನಂತೆ. ಆ ಕಥೆ ನಮ್ಮ ನೆಲದ್ದು. 1799ರ ಮಾರ್ಚ್‌ನಲ್ಲಿ ಬ್ರಿಟಿಷ್ ಜನರಲ್ ಹ್ಯಾರಿಸನ ದಂಡು ಕನಕಪುರದ ಹಾದಿ ಹಿಡಿದು ಮಳವಳ್ಳಿಯತ್ತ ನಡೆದಾಗ ಅದರಲ್ಲಿ ಆರ್ಥರ್ ವೆಲ್ಲೆಸ್ಲಿ ಎಂಬ ಕರ್ನಲ್ ಇದ್ದ, ಮುಂದೆ ವೆಲಿಂಗ್ಟನ್ ಎನಿಸಿಕೊಂಡವನು ಇವನೇ. ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನ ಕತ್ತಲಲ್ಲಿ ಟಿಪ್ಪುವಿನ ಸೈನಿಕರು ಅವನನ್ನು ಹಿಮ್ಮೆಟ್ಟಿಸಿದರು. ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು, ಟಿಪ್ಪು ಮಡಿದ. ವೆಲ್ಲೆಸ್ಲಿ ಪಟ್ಟಣದ ಆಡಳಿತ ವಹಿಸಿಕೊಂಡು ದರಿಯಾ ದೌಲತ್‌ನಲ್ಲಿ ವಾಸವಾದ. ನೆಪೋಲಿಯನ್ ನೆರವು ಕಳಿಸಲಾಗದ ಊರಿನಲ್ಲಿ ಯುದ್ಧದ ಪಾಠ ಕಲಿತವನೇ ಹದಿನಾರು ವರ್ಷಗಳ ಮೇಲೆ ಅವನನ್ನು ಸೋಲಿಸಿದ. ಇಂಥ ವಸ್ತುವನ್ನು ಬಿಟ್ಟು ಚಿತ್ರ ಹಡಗಿನಲ್ಲಿ ಅವರಿಬ್ಬರ ಭೇಟಿಯೊಂದನ್ನು ಕಲ್ಪಿಸಿದೆ. ಅವರು ಎಂದೂ ಭೇಟಿಯಾದವರಲ್ಲ.

ಆಸ್ಟರ್ಲಿಟ್ಜ್ ಕದನದ ದೃಶ್ಯ ಮಾತ್ರ ಮರೆಯುವಂಥದ್ದಲ್ಲ. ಹೆಪ್ಪುಗಟ್ಟಿದ ಕೆರೆ ಗುಂಡಿನೇಟಿಗೆ ಒಡೆದು, ಆಳುಗಳು ಕುದುರೆ ಸಮೇತ ಮುಳುಗುವಾಗ ಗೆಲುವು ಏನನ್ನು ನುಂಗುತ್ತದೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ಕೊನೆಗೆ ತೆರೆಯ ಮೇಲೆ ಸತ್ತವರ ಲೆಕ್ಕ ಬರುತ್ತದೆ, ಮೂವತ್ತು ಲಕ್ಷಕ್ಕೂ ಮೇಲೆ. ಆದರೆ ಆ ಲಕ್ಷಗಳಲ್ಲಿ ಒಬ್ಬನ ಮುಖವನ್ನೂ ಚಿತ್ರ ನಮಗೆ ಪರಿಚಯಿಸಿಲ್ಲ. 1802ರಲ್ಲಿ ನೆಪೋಲಿಯನ್ ವಸಾಹತುಗಳಲ್ಲಿ ಗುಲಾಮಗಿರಿಯನ್ನು ಮತ್ತೆ ತಂದದ್ದೂ ಇಲ್ಲಿಲ್ಲ.

ಚಕ್ರವರ್ತಿಯ ಪತನ ಅವನೊಬ್ಬನ ಕಥೆಯಲ್ಲ. ಅವನ ಮಾತು ನಂಬಿದವರು, ಅವನ ನೆರವಿಗೆ ಕಾದವರು ಮೊದಲು ಬೀಳುತ್ತಾರೆ. ಕಾರ್ನಾಡರ ನಾಟಕ ಓದಿದವರಿಗೆ ಗೊತ್ತಿರುವ ಈ ಸತ್ಯವನ್ನು ಇಷ್ಟು ದೊಡ್ಡ ಚಿತ್ರ ಮುಟ್ಟಲಿಲ್ಲ.