ನಿಕಿತಿನನ ಪ್ರವಾಸಕಥನದಲ್ಲಿ ದಿನಚರಿ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಕನ್ನಡಿಗರಲ್ಲಿ ರೂಢವಾದ ಗಾದೆ. ಆದರೆ ದೇಶ ಸುತ್ತುವವನು ಆ ದಿನದ ಅನ್ನವನ್ನು ಎಲ್ಲಿ ಪಡೆದನು, ರಾತ್ರಿ ಯಾರ ಜಗಲಿಯಲ್ಲಿ ಮಲಗಿದನು, ಅದಕ್ಕೆ ಎಷ್ಟು ತೆತ್ತನು ಎಂಬುದನ್ನು ಗಾದೆಯು ಹೇಳುವುದಿಲ್ಲ. ಪ್ರವಾಸಕಥನಗಳೂ ಬಹುಮಟ್ಟಿಗೆ ಹೇಳುವುದಿಲ್ಲ. ಗುಡಿ ಗೋಪುರ ನದಿ ಪರ್ವತಗಳ ವರ್ಣನೆಯೇ ಪ್ರಧಾನವಾಗಿ, ದಿನಚರಿಯು ಕ್ಷುದ್ರವೆಂದು ಬಿಟ್ಟುಹೋಗುತ್ತದೆ. ಇದು ವಿವೇಕವೋ ಲೋಪವೋ ಎಂದು ತೂಗಿ ನೋಡುವುದಕ್ಕೆ, ಕನ್ನಡನಾಡಿನ ಬೀದರದಲ್ಲಿ ದಿನಗಳೆದ ರಷ್ಯದ ವರ್ತಕ ಅಫನಾಸಿ ನಿಕಿತಿನನ ‘ಮೂರು ಸಮುದ್ರಗಳಾಚೆಯ ಪಯಣ’ಕ್ಕಿಂತ ತಕ್ಕ ಗ್ರಂಥವು ದುರ್ಲಭ.

ವಾಸ್ಕೋ ಡ ಗಾಮನು 1498ರಲ್ಲಿ ಕಲ್ಲಿಕೋಟೆಗೆ ಬರುವುದಕ್ಕೆ ಸುಮಾರು ಕಾಲು ಶತಮಾನದಷ್ಟು ಮುಂಚೆಯೇ ತ್ವೇರ್ ಪಟ್ಟಣದ ಈ ವರ್ತಕನು ಚೌಲಿನಲ್ಲಿ ಹಡಗಿನಿಂದ ಇಳಿದನು. ಅವನ ಸರಕೆಲ್ಲವೂ ವೋಲ್ಗಾ ನದಿಯ ದಾರಿಯಲ್ಲಿ ಸುಲಿಗೆಯಾಗಿತ್ತು. ಬರಿಗೈಯಲ್ಲಿ ಊರಿಗೆ ಹಿಂದಿರುಗಿದರೆ ಸಾಲಗಾರನಾಗಬೇಕಾದೀತೆಂದು ಮುಂದೆ ಮುಂದೆ ನಡೆದು, ಪಾರಸಿಕ ದೇಶವನ್ನು ಹಾಯ್ದು, ಹೊರ್ಮುಜಿನಿಂದ ಒಂದು ಕುದುರೆಯೊಡನೆ ಕಡಲು ದಾಟಿದನು. ಆ ಕುದುರೆಯೇ ಅವನ ಸಮಸ್ತ ಬಂಡವಾಳ. ಜುನ್ನರಿನಲ್ಲಿ ಅಲ್ಲಿಯ ಖಾನನು ಅದನ್ನು ಕಸಿದುಕೊಂಡು, ಮತಾಂತರ ಹೊಂದಿದರೆ ಕುದುರೆಯೊಡನೆ ಸಾವಿರ ಹೊನ್ನನ್ನೂ ಕೊಡುವೆನೆಂದನು. ಖುರಾಸಾನಿನ ಒಬ್ಬ ಮುಸಲ್ಮಾನ ಅಧಿಕಾರಿಯು ನಡುವೆ ಬಂದು ಬೇಡಿಕೊಂಡುದರಿಂದ ಕುದುರೆಯೂ ಉಳಿಯಿತು, ಮತವೂ ಉಳಿಯಿತು.

ಇಂಥವನ ಕಣ್ಣು ಮೊದಲು ಬೀಳುವುದು ಬೆಲೆಯ ಮೇಲೆ. ಬೀದರದಲ್ಲಿ ತಾನು ಒಂಟಿಯಾಗಿದ್ದರೂ ಊಟಕ್ಕೇ ದಿನಕ್ಕೆ ಎರಡೂವರೆ ಆಲ್ತಿನ್ ವೆಚ್ಚವಾಗುತ್ತದೆಂದೂ, ಮದ್ಯವನ್ನು ಮುಟ್ಟದಿದ್ದರೂ ಹೀಗಾಗುತ್ತದೆಂದೂ ಅವನು ಲೆಕ್ಕವಿಡುತ್ತಾನೆ. ಕುದುರೆಗೆ ಯಾವ ಕಾಳು, ಯಾವ ಕಿಚಡಿ. ಹಿಂದೂಗಳು ಬಲಗೈಯಿಂದಲೇ ಉಣ್ಣುವ ಬಗೆ, ಚಮಚೆಯ ಗೊಡವೆಯಿಲ್ಲದಿರುವುದು, ಪ್ರತಿಯೊಬ್ಬನೂ ತನ್ನ ಪಾತ್ರೆಯಲ್ಲಿ ಬೇಯಿಸಿಕೊಳ್ಳುವುದು, ಪರರ ದೃಷ್ಟಿ ಬಿದ್ದ ಅನ್ನವನ್ನು ತ್ಯಜಿಸುವುದು—ಇವೆಲ್ಲ ಅವನ ಬರಹದಲ್ಲಿ ಒಂದೆರಡು ಮಾತುಗಳಲ್ಲಿ ಬಂದು ಹೋಗುತ್ತವೆ. ಅಲಂಕಾರವಿಲ್ಲ, ಆದರೂ ಐದೂವರೆ ಶತಮಾನಗಳ ಹಿಂದಿನ ಅಡಿಗೆಯ ಹೊಗೆಯು ಓದುಗನ ಮೂಗಿಗೆ ತಾಕುತ್ತದೆ.

ಇದರೊಡನೆ ಅಬ್ದುರ್ ರಜಾಕನ ಬರಹವನ್ನು ಹೋಲಿಸಬಹುದು. ಹೆರಾತಿನ ಶಾಹರುಖನ ರಾಯಭಾರಿಯಾಗಿ ಅವನು 1443ರಲ್ಲಿ ಎರಡನೆಯ ದೇವರಾಯನ ವಿಜಯನಗರಕ್ಕೆ ಬಂದನು. ದಿನವೊಂದಕ್ಕೆ ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಮೇಲೆ ಎರಡು ವರಹ ಅವನ ಬಿಡಾರಕ್ಕೆ ಅರಮನೆಯಿಂದ ಸಲ್ಲುತ್ತಿದ್ದುವು. ಅದಕ್ಕೆ ತಕ್ಕಂತೆ ಅವನ ಲೇಖನಿಯೂ ಕೋಟೆಯ ಸುತ್ತುಗಳನ್ನು, ಮಹಾನವಮಿಯ ವೈಭವವನ್ನು ಸೊಗಸಾಗಿ ಚಿತ್ರಿಸುತ್ತದೆ. ಮುಂದೆ ಹೊರ್ಮುಜಿನವರ ಚಾಡಿಯಿಂದ ಆ ಪಡಿಯು ನಿಂತುಹೋದಾಗ, ನಿಲ್ಲಿಸಿದ ಅಧಿಕಾರಿಯ ಮೇಲೆ ಅವನು ಕಾರುವ ವಿಷವನ್ನೂ ಗಮನಿಸಬೇಕು. ಅನ್ನದ ಮೂಲವು ಬದಲಾದೊಡನೆ ನೋಟವೂ ಬದಲಾಗುವುದೆಂಬುದಕ್ಕೆ ಬೇರೆ ನಿದರ್ಶನವು ಬೇಡ. ರಜಾಕನ ವಿಜಯನಗರವು ಅರಸನ ಅತಿಥಿಯು ಕಂಡ ನಗರ. ನಿಕಿತಿನನ ಬೀದರವು ಕಾಸು ಎಣಿಸಿ ಬಾಳಿದವನ ನಗರ. ವೈಭವವನ್ನು ಮೊದಲನೆಯವನಿಂದ ತಿಳಿಯಬೇಕು, ಬಾಳನ್ನು ಎರಡನೆಯವನಿಂದ.

ನಿಕಿತಿನನ ದಿನಚರಿಯು ಬೆಲೆಪಟ್ಟಿಯಾಗಿಯೇ ಉಳಿದಿದ್ದರೆ ಅದರ ಯೋಗ್ಯತೆಯು ಇಷ್ಟಾಗುತ್ತಿರಲಿಲ್ಲ. ಅವನ ಧರ್ಮಗ್ರಂಥಗಳೂ ಸುಲಿಗೆಯಲ್ಲಿ ಹೋಗಿದ್ದುವು. ಅವುಗಳೊಡನೆ ಪಂಚಾಂಗವೂ ಹೋಯಿತು. ಈಸ್ಟರ್ ಹಬ್ಬವೆಂದು, ಉಪವಾಸವೆಂದು ಎಂಬುದು ತಿಳಿಯದೆ, ಮುಸಲ್ಮಾನರ ಹಬ್ಬವನ್ನು ಕಂಡು ತನ್ನ ಹಬ್ಬವನ್ನು ಊಹಿಸಿದನು; ಅವರು ಉಪವಾಸ ಹಿಡಿದಾಗ ತಾನೂ ಹಿಡಿದು, ಮಾಂಸವನ್ನು ಬಿಟ್ಟು, ರೊಟ್ಟಿ ನೀರುಗಳಲ್ಲಿ ತಿಂಗಳನ್ನು ಕಳೆದನು. ಬೆಳಗಿನ ಜಾವ ಆಕಾಶದಲ್ಲಿ ಕೃತ್ತಿಕೆಯನ್ನೂ ಸಪ್ತರ್ಷಿಗಳನ್ನೂ ಹುಡುಕಿ ಹಬ್ಬದ ದಿನವನ್ನು ಗುರುತಿಸಲೆತ್ನಿಸಿದನು. ಅವನ ರಷ್ಯನ್ ಭಾಷೆಯೊಳಗೆ ತುರ್ಕಿ ಪಾರಸಿ ಅರಬ್ಬಿ ಮಾತುಗಳು ಸೇರುತ್ತ ಬಂದು, ಕೊನೆಗೆ ಪ್ರಾರ್ಥನೆಯೇ ಆ ಮಿಶ್ರಭಾಷೆಯಲ್ಲಿ ಹೊರಡುತ್ತದೆ. ಒಂಟಿ ಪಯಣಿಗನಿಗೆ ದಿನಚರಿಯೇ ಮನೆ, ದಿನಚರಿಯೇ ಮತ. ಅದು ಸಡಿಲಿದಾಗ ತಾನು ಯಾರೆಂಬ ಪ್ರಶ್ನೆಯು ತಲೆಯೆತ್ತುತ್ತದೆ. ಈ ಸಂಕಟವೇ ಗ್ರಂಥದ ಜೀವಾಳ. ಇದನ್ನು ಅವನು ಎಲ್ಲಿಯೂ ಮರೆಮಾಚಿಲ್ಲ.

ಆ ಸಡಿಲಿಕೆಯೇ ಅವನಿಗೆ ಬಾಗಿಲನ್ನೂ ತೆರೆಯಿತು. ತಾನು ಮುಸಲ್ಮಾನನಲ್ಲ, ಕ್ರೈಸ್ತನೆಂದು ಬೀದರದ ಹಿಂದೂಗಳಿಗೆ ತಿಳಿಸಿದ ಮೇಲೆ ಅವರು ಊಟವನ್ನಾಗಲಿ ವ್ಯಾಪಾರವನ್ನಾಗಲಿ ಪೂಜೆಯನ್ನಾಗಲಿ ಅವನಿಂದ ಮುಚ್ಚಿಡಲಿಲ್ಲ. ಶಿವರಾತ್ರಿಗೆ ಅವರೊಡನೆ ‘ಪರ್ವತ’ಕ್ಕೆ ಹೋದನು. ಅದು ಶ್ರೀಶೈಲವೆಂದು ವಿದ್ವಾಂಸರು ಗುರುತಿಸಿರುವರು. ಕೊಟ್ಟೂರು ಉಜ್ಜಿನಿಗಳ ಸೀಮೆಯ ಓದುಗರಿಗೆ ಈ ಭಾಗವು ಪರಕೀಯವೆನಿಸದು.

ಗ್ರಂಥದಲ್ಲಿ ದೋಷಗಳಿಲ್ಲದಿಲ್ಲ. ಬಾಯಿಂದ ಬೆಂಕಿಯುಗುಳುವ ಹಕ್ಕಿ, ಸೈನ್ಯವುಳ್ಳ ಕಪಿರಾಜ ಮೊದಲಾದ ಕಟ್ಟುಕಥೆಗಳನ್ನು ಅವನು ನಂಬಿ ಬರೆದಿರುವನು. ಸ್ತ್ರೀಯರ ವಿಷಯದಲ್ಲಿ ಆಡಿದ ಮಾತುಗಳು ಅವಸರದವು, ಅನ್ಯಾಯವಾದವು. ಈ ಸೀಮೆಯ ಮಗ್ಗುಲಲ್ಲಿದ್ದ ವಿಜಯನಗರದ ವಿಷಯವೂ ಕೇಳಿ ಬರೆದುದಾದ್ದರಿಂದ ನಿಸ್ಸಾರವಾಗಿದೆ. ಆದರೆ ಈ ದೋಷಗಳಲ್ಲಿಯೂ ಒಂದು ಕ್ರಮವಿದೆ: ಉಂಡುದನ್ನು, ತೆತ್ತುದನ್ನು, ನಡೆದುದನ್ನು ಬರೆಯುವಾಗ ಅವನು ಹೆಚ್ಚಾಗಿ ತಪ್ಪುವುದಿಲ್ಲ, ಕೇಳಿದುದನ್ನು ಬರೆಯುವಾಗ ಎಡವುತ್ತಾನೆ. ದಿನಚರಿಯೇ ಅವನ ಸತ್ಯದ ಅಳತೆಗೋಲು.

ನಿಕಿತಿನನು ಊರನ್ನು ಸೇರಲಿಲ್ಲ. ಸ್ಮೋಲೆನ್ಸ್ಕ್ ಪಟ್ಟಣವನ್ನು ಮುಟ್ಟುವ ಮುನ್ನವೇ ತೀರಿಕೊಂಡನು. ಅವನು ಬರೆದಿಟ್ಟ ಹಾಳೆಗಳನ್ನು ವರ್ತಕರು ಮಾಸ್ಕೋಗೆ ಮುಟ್ಟಿಸಿದರು. ಕುದುರೆ ಮಾರಿದ ಹಣ ಎಲ್ಲಿ ಹೋಯಿತೋ, ದಿನದ ಲೆಕ್ಕವು ಉಳಿಯಿತು.

ವಿದೇಶೀ ಪ್ರವಾಸಿಗಳ ಬರಹಗಳನ್ನು ಎಚ್. ಎಲ್. ನಾಗೇಗೌಡರು ‘ಪ್ರವಾಸಿ ಕಂಡ ಇಂಡಿಯಾ’ ಸಂಪುಟಗಳಲ್ಲಿ ಕನ್ನಡಕ್ಕೆ ತಂದು ಉಪಕಾರ ಮಾಡಿರುವರು. ಅವುಗಳಿಂದ ಇತಿಹಾಸವನ್ನು ಹೆಕ್ಕುವ ಕೆಲಸವು ನಡೆದಿದೆ. ಬರೆಯುವ ಬಗೆಯನ್ನು ಕಲಿಯುವ ಕೆಲಸವು ಉಳಿದಿದೆ. ಇಂದು ಕಡಿಮೆ ಹಣದಲ್ಲಿ ಏಷ್ಯದ ದೇಶಗಳನ್ನು ಒಂಟಿಯಾಗಿ ಸುತ್ತುವ ಕನ್ನಡದ ತರುಣ ತರುಣಿಯರು ಶಿಖರಗಳನ್ನು ವರ್ಣಿಸುವ ಮುನ್ನ ಆ ದಿನದ ಅನ್ನದ ಋಣವನ್ನು ಬರೆದಿಟ್ಟರೆ ಸಾಹಿತ್ಯಕ್ಕೆ ಲಾಭ. ದೂರದ ಮಾತೇಕೆ? ಮಾಘದಲ್ಲಿ ಕೊಟ್ಟೂರೇಶ್ವರನ ತೇರಿಗೆ ನಡೆದು ಬರುವವರಿಗೆ ದಾರಿಯುದ್ದಕ್ಕೂ ಅನ್ನ ನೀರು ನೀಡುವವರಿರುವರು. ಉಂಡವರು ಸಾವಿರಾರು, ಯಾರ ಕೈಯಿಂದ, ಯಾವ ಮರದ ನೆರಳಿನಲ್ಲಿ ಉಂಡೆನೆಂದು ಬರೆದಿಡುವವನೊಬ್ಬನು ಹುಟ್ಟಬೇಕಾಗಿದೆ.