ಇರುಳಿನ ಪ್ರಣಯಿಯೂ ಮುಂದಿನ ಸಂಪುಟವೂ

ವಿಲೆ ಪಾರ್ಲೆಯ ನಮ್ಮ ಕನ್ನಡ ಮನೆಗಳಲ್ಲಿ ಹಿರಿಯರ ಕಪಾಟಿನಲ್ಲಿ ಬೇಂದ್ರೆ, ಕಾರಂತರು ಇದ್ದರೆ, ಮಕ್ಕಳ ದಿಂಬಿನ ಬಳಿ ರಕ್ತಪಿಶಾಚಿಗಳ ಪ್ರೇಮಕಥೆಯ ದಪ್ಪ ಇಂಗ್ಲಿಷ್ ಸಂಪುಟಗಳಿರುವುದು ಅಪರೂಪವಲ್ಲ. ಇವನ್ನು ಓದದೆಯೇ ಹಳಿಯುವುದು ಸುಲಭ. ಓದಿ ನೋಡಿದವರಿಗೆ, ಇವುಗಳಲ್ಲಿ ಕೆಲವು ಮುಂದಿನ ಸಂಪುಟವನ್ನು ನ್ಯಾಯವಾಗಿ ಬೇಡುತ್ತವೆ, ಕೆಲವು ಬರಿದೆ ಬೇಡುತ್ತವೆ ಎಂಬುದು ತಿಳಿಯುತ್ತದೆ. ಈ ಭೇದಕ್ಕೆ ಕಾರಣವೇನೆಂಬುದೇ ಇಲ್ಲಿಯ ವಿಚಾರ.

ಕಥೆಯನ್ನು ಮುಂದುವರಿಸುವ ವಿದ್ಯೆಯಲ್ಲಿ ನಮ್ಮ ವೇತಾಳನಿಗೆ ಮಿಗಿಲಾದ ಗುರುವಿಲ್ಲ. ಬರ್ಟನ್ ಮಹಾಶಯನು 1870ರಲ್ಲಿ ಆ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ವೇತಾಳನನ್ನು 'ವ್ಯಾಂಪೈರ್' ಎಂದು ಕರೆದನು. ಅದು ಸರಿಯಾದ ಹೆಸರಲ್ಲ. ವೇತಾಳನು ಹೆಣದೊಳಗೆ ಹೊಕ್ಕು ಕಥೆ ಹೇಳುವವನೇ ಹೊರತು ರಾಜನ ರಕ್ತ ಹೀರುವವನಲ್ಲ. ಆದರೆ ಅವನು ಹಾಕುವ ಕಟ್ಟು ಗಮನಾರ್ಹ: ಉತ್ತರ ತಿಳಿದೂ ಸುಮ್ಮನಿದ್ದರೆ ತಲೆ ಸಿಡಿಯುವುದು, ಉತ್ತರಿಸಿದರೆ ಹೆಣವು ಮರಕ್ಕೆ ಹಿಂದಿರುಗುವುದು. ಕಡೆಯ ಪ್ರಶ್ನೆಗೆ ರಾಜನಲ್ಲಿ ಉತ್ತರವಿಲ್ಲದಾಗಲೇ ಕಥಾಮಾಲೆ ಮುಗಿಯುತ್ತದೆ. ಪ್ರತಿಯೊಂದು ಮುಂದುವರಿಕೆಗೂ ರಾಜನು ಒಂದು ಬೆಲೆ ತೆತ್ತಿರುತ್ತಾನೆ.

ಈ ಅಳತೆಗೋಲನ್ನು ಹಿಡಿದು ನೋಡೋಣ. ಐರ್ಲೆಂಡಿನ ಲೆ ಫಾನು 1871-72ರಲ್ಲಿ ಬರೆದ 'ಕಾರ್ಮಿಲ್ಲಾ' ಚಿಕ್ಕ ಕೃತಿ. ಸ್ಟೀರಿಯಾದ ಒಂಟಿ ಕೋಟೆಮನೆಯಲ್ಲಿ ಬೆಳೆದ ಲಾರಾ ಎಂಬ ಹುಡುಗಿಗೆ ಅತಿಥಿಯಾಗಿ ಬಂದ ಕಾರ್ಮಿಲ್ಲಾಳ ಮೇಲೆ ಒಲವೂ ಜುಗುಪ್ಸೆಯೂ ಏಕಕಾಲಕ್ಕೆ ಹುಟ್ಟುತ್ತವೆ. ಇಲ್ಲಿ ಪ್ರೀತಿಯೇ ಬೇಟೆ. ಪಿಶಾಚಿಯನ್ನು ಕೊಂದ ಮೇಲೆಯೂ, ವರುಷಗಳು ಉರುಳಿದ ಮೇಲೆಯೂ, ಬಾಗಿಲ ಬಳಿ ಅವಳ ಹಗುರ ಹೆಜ್ಜೆಯ ಸಪ್ಪಳ ಕೇಳಿದಂತೆ ಲಾರಾಳಿಗೆ ಭಾಸವಾಗುತ್ತದೆ. ಎರಡನೆಯ ಸಂಪುಟ ಬರೆಯದಿದ್ದರೂ ಕಥೆ ಅವಳೊಳಗೆ ನಡೆದೇ ಇದೆ.

ಆನ್ ರೈಸ್ ಅವರ 1976ರ 'ಇಂಟರ್‌ವ್ಯೂ ವಿತ್ ದ ವ್ಯಾಂಪೈರ್' ಕಾದಂಬರಿಯಲ್ಲಿ ಕ್ಲಾಡಿಯಾ ಎಂಬ ಎಳೆಯ ಮಗುವನ್ನು ಪಿಶಾಚಿಯನ್ನಾಗಿ ಮಾಡುತ್ತಾರೆ. ಮನಸ್ಸು ಹೆಣ್ಣಾಗಿ ಬೆಳೆಯುತ್ತದೆ. ದೇಹ ಮಗುವಾಗಿಯೇ ಉಳಿಯುತ್ತದೆ. ಚಿರಂಜೀವಿತ್ವದ ಕ್ರೌರ್ಯವನ್ನು ಇಷ್ಟು ಸ್ಪಷ್ಟವಾಗಿ ಕಾಣಿಸಿದ ಕಲ್ಪನೆ ಈ ಜಾತಿಯ ಸಾಹಿತ್ಯದಲ್ಲಿ ವಿರಳ. 1985ರ ಎರಡನೆಯ ಸಂಪುಟದಲ್ಲಿ ಲೆಸ್ಟಾಟ್ ಬಂದು, ಮೊದಲ ಕಥೆಯಲ್ಲಿ ತನಗೆ ನ್ಯಾಯ ಸಂದಿಲ್ಲವೆಂದು ತನ್ನ ವೃತ್ತಾಂತವನ್ನು ಹೇಳುತ್ತಾನೆ. ನಂಬಿದ್ದ ನಿರೂಪಕನನ್ನೇ ಸಂಶಯಿಸಬೇಕಾಗುತ್ತದೆ. ಅಲ್ಲಿಯವರೆಗೆ ಮುಂದುವರಿದು ಓದಿದ್ದು ಸಾರ್ಥಕ.

ಇನ್ನು ಸ್ಟೆಫನಿ ಮೇಯರ್ ಅವರ 'ಟ್ವೈಲೈಟ್' ಮಾಲೆ: 2005ರಿಂದ 2008ರ ವರೆಗೆ ನಾಲ್ಕು ಸಂಪುಟಗಳು. ಮೊದಲನೆಯದರ ಬಲ ಎಡ್ವರ್ಡನ ಸಂಯಮದಲ್ಲಿದೆ. ಬಯಸಿದವಳ ರಕ್ತವನ್ನೇ ಅವನು ಬಯಸುತ್ತಾನೆ. ಎರಡನೆಯದರಲ್ಲಿ ಅವನು ತೊರೆದು ಹೋದ ಮೇಲೆ ಪುಟಗಳ ಮೇಲೆ ತಿಂಗಳುಗಳ ಹೆಸರು ಮಾತ್ರ ಉಳಿದು ಮಿಕ್ಕುದೆಲ್ಲ ಖಾಲಿ. ವಿರಹವನ್ನು ಹೀಗೆ ಸೂಚಿಸಿದ ಲೇಖಕಿಯನ್ನು ಲಘುವಾಗಿ ಕಾಣಲಾಗದು. ಆದರೆ ನಾಲ್ಕನೆಯದಕ್ಕೆ ಬರುವಾಗ ಏನಾಯಿತು? ಪ್ರಸವದ ಘೋರ ಯಾತನೆಯ ಬಳಿಕ ಬೆಲ್ಲಾ ಪಿಶಾಚಿಯಾಗುತ್ತಾಳೆ; ಇತರರಿಗೆ ವರ್ಷಗಟ್ಟಲೆ ಸಾಧಿಸದ ಸಂಯಮ ಅವಳಿಗೆ ಹುಟ್ಟುತ್ತಲೇ ಸಿದ್ಧಿಸುತ್ತದೆ; ತಂದೆಯನ್ನೂ ಕಳೆದುಕೊಳ್ಳಬೇಕಾಗಿಲ್ಲ; ಒದಗಿ ಬಂದ ಯುದ್ಧವೂ ಮಾತಿನಲ್ಲಿಯೇ ಕರಗುತ್ತದೆ. ಬ್ಯಾಂಕಿನ ಮೇಜಿನ ಹಿಂದೆ ಕುಳಿತವನಿಗೆ ಇದು ಪರಿಚಿತ ಸಂಗತಿ. ಮೂರು ಸಂಪುಟಗಳ ಉದ್ದಕ್ಕೂ ಬಡ್ಡಿ ಏರಿಸಿ, ಕಡೆಯಲ್ಲಿ ಅಸಲನ್ನೂ ಮನ್ನಾ ಮಾಡಿದಂತೆ! ಸಾಲಗಾರನಿಗೆ ಸುಖವಾದೀತು, ವಾಚಕನಿಗಲ್ಲ.

ನಮ್ಮಲ್ಲಿ ರಕ್ತಪಿಶಾಚಿಯ ಪ್ರಣಯಕಾವ್ಯ ಬೆಳೆಯದಿದ್ದರೂ ಇರುಳು ಬರುವ ಪ್ರಣಯಿ ಇದ್ದಾನೆ. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದ ಗಿರೀಶ ಕಾರ್ನಾಡರು ಕಟ್ಟಿದ 'ನಾಗಮಂಡಲ'ದಲ್ಲಿ ಹಗಲಿನ ಗಂಡನು ರಾಣಿಯನ್ನು ಮನೆಯಲ್ಲಿ ಕೂಡಿಹಾಕಿ ಸೂಳೆಯ ಮನೆಗೆ ಹೋಗುತ್ತಾನೆ. ಇರುಳು ನಾಗನು ಅದೇ ಗಂಡನ ರೂಪದಲ್ಲಿ ಬಂದು ಅವಳಿಗೆ ಒಲವನ್ನು ಕೊಡುತ್ತಾನೆ. ಪ್ರಶ್ನೆ ಕೇಳಬಾರದೆಂಬುದೇ ಅವನ ಕಟ್ಟು. ಎಡ್ವರ್ಡನು ತಾನಾರೆಂಬುದನ್ನು ಬೇಗನೆ ಒಪ್ಪಿಬಿಡುತ್ತಾನೆ, ಆಮೇಲೆ ಕಥೆಗೆ ಹೊರಗಿನ ಶತ್ರುಗಳನ್ನು ತಂದು ಸೇರಿಸಬೇಕಾಗುತ್ತದೆ. ನಾಗನ ಗುಟ್ಟು ಮಾತ್ರ ರಾಣಿಯ ಬಸಿರಿನಲ್ಲಿ ಬೆಳೆದು ಪಂಚರ ಮುಂದೆ ಬರುತ್ತದೆ. ಹುತ್ತದೊಳಗಿನ ಹಾವನ್ನು ಕೈಯಲ್ಲಿ ಹಿಡಿದು, ತನ್ನ ಗಂಡನನ್ನೂ ಈ ಹಾವನ್ನೂ ಬಿಟ್ಟು ಬೇರಾರನ್ನೂ ಮುಟ್ಟಿಲ್ಲವೆಂದು ಅವಳು ಆಡುವ ಆಣೆ ಅಕ್ಷರಶಃ ಸತ್ಯ. ಅದರ ಪೂರ್ಣಾರ್ಥ ಆಡಿದವಳಿಗೇ ತಿಳಿಯದು. ಊರು ಅವಳನ್ನು ದೇವಿಯೆಂದು ಪೂಜಿಸುತ್ತದೆ. ಬೆಲೆ ತೆರುವವನು ನಾಗ.

ನಾಟಕದಲ್ಲಿ ಕಥೆ ಕೇಳಲು ಕೂಡಿದ ದೀಪಗಳ ಜ್ವಾಲೆಗಳಿಗೂ ನಮ್ಮ ಮಕ್ಕಳಂತೆ ಮೊದಲ ಮುಕ್ತಾಯ ರುಚಿಸುವುದಿಲ್ಲ. ನಾಗನು ರಾಣಿಯ ಜಡೆಯಲ್ಲಿ ಸಿಕ್ಕಿ ಸತ್ತನೆಂದರೆ ಅವು ಒಪ್ಪವು. ಆಗ ಮತ್ತೊಂದು ಮುಕ್ತಾಯ ಬರುತ್ತದೆ; ಅದರಲ್ಲಿ ನಾಗನು ಬದುಕಿದ್ದಾನೆ, ರಾಣಿಯೇ ಅವನನ್ನು ತಿಳಿದೂ ತಿಳಿದೂ ತನ್ನ ಕೂದಲಲ್ಲಿ ಅಡಗಿಸಿಕೊಳ್ಳುತ್ತಾಳೆ, ಗಂಡನು ಪಕ್ಕದಲ್ಲಿಯೇ ಇರುವ ಮನೆಯಲ್ಲಿ.