ಮುಚ್ಚಳ ತೆಗೆದು ನೋಡಿದಾಗ

ಹಳೆಯದೆಲ್ಲ ಚಿನ್ನ ಎನ್ನುವವರ ಪೈಕಿ ನಾನಲ್ಲ. ನಮ್ಮ ಮನೆಯ ಅಟ್ಟದ ಮೇಲೆ ಹಳೆಯದು ಬೇಕಾದಷ್ಟಿದೆ. ಅದರಲ್ಲಿ ಮುಕ್ಕಾಲು ಪಾಲು ಅಟ್ಟಕ್ಕೇ ಲಾಯಕ್ಕಾದದ್ದು. ಆದ್ದರಿಂದಲೇ ಎಚ್‌ಎಂಟಿ ಜನತಾ ವಾಚನ್ನು ಈಗ ಜನ ಕೊಂಡಾಡುವ ರೀತಿ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಕೆಲವರು ಅದರ ಸರಳ ಚೆಲುವನ್ನು ಹೊಗಳುತ್ತಾರೆ. ಕೆಲವರಿಗೆ ಅದು ಅಪ್ಪನ ಮಣಿಕಟ್ಟಿನ ನೆನಪು. ಇನ್ನು ಕೆಲವರಿಗೆ ಸ್ವದೇಶಿ ಹೆಮ್ಮೆ. ಮೂರೂ ಸುಳ್ಳಲ್ಲ, ಆದರೆ ಆ ವಾಚು ಇಷ್ಟು ಕಾಲ ಬಾಳಿದ್ದೇಕೆ ಎಂಬುದಕ್ಕೆ ಮೂರೂ ಉತ್ತರವಲ್ಲ.

ಹೆಮ್ಮೆಯನ್ನೇ ಮೊದಲು ತೆಗೆದುಕೊಳ್ಳಿ. 1961ರಲ್ಲಿ ಬೆಂಗಳೂರಿನಲ್ಲಿ ವಾಚಿನ ಕಾರ್ಖಾನೆ ಶುರುವಾದದ್ದು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ. ವಿದ್ಯೆ ಅಲ್ಲಿಯದು. ಅದನ್ನು ಕಲಿತು, ಲಕ್ಷಗಟ್ಟಲೆ ತಯಾರಿಸಿ, ಗುಮಾಸ್ತರು ಮೇಷ್ಟರುಗಳ ಕೈಗೆಟುಕುವಂತೆ ಮಾಡಿದ್ದು ನಮ್ಮವರು. ಅದು ಸಣ್ಣ ಕೆಲಸವಲ್ಲ. ಇನ್ನು ನಿಖರತೆಯ ಮಾತಿಗೆ ಬಂದರೆ, ಕೀ ಕೊಡುವ ವಾಚು ದಿನಕ್ಕೆ ಕೆಲವು ಸೆಕೆಂಡಾದರೂ ಅತ್ತಿತ್ತ ಆಗುತ್ತದೆ. ಸೆಲ್ಲಿನಿಂದ ನಡೆಯುವ ಕ್ವಾರ್ಟ್ಸ್ ವಾಚು ತಿಂಗಳಿಗೆ ಅಷ್ಟು ತಪ್ಪಿದರೆ ಹೆಚ್ಚು. ಆ ಲೆಕ್ಕದಲ್ಲಿ ಜನತಾ ಎಂದೋ ಸೋತಿದೆ.

ಹಾಗಾದರೆ ಉಳಿದದ್ದೇನು? ಹಿಂದಿನ ಮುಚ್ಚಳ ತೆಗೆದು ನೋಡಬೇಕು. ನಮ್ಮ ಪೇಟೆಬೀದಿಯ ಮೂಲೆಯಲ್ಲಿ ವಾಚು ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರ ಮುಂದೆ ನಾನು ಗಂಟೆಗಟ್ಟಲೆ ಕೂತಿದ್ದುಂಟು. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಒಂದೊಂದೇ ಸ್ಕ್ರೂ ಬಿಚ್ಚಿ, ಹಲ್ಲುಚಕ್ರಗಳನ್ನು ಪೆಟ್ರೋಲಿನಲ್ಲಿ ತೊಳೆದು, ಸೂಜಿಮೊನೆಯಷ್ಟು ಎಣ್ಣೆ ಮುಟ್ಟಿಸಿ ಮತ್ತೆ ಕೂರಿಸುತ್ತಿದ್ದರು. 17 ಜ್ಯೂಯೆಲ್ ಎನ್ನುತ್ತಿದ್ದೆವಲ್ಲ, ಅವು ಒಡವೆಯ ಹರಳುಗಳಲ್ಲ. ಚಕ್ರದ ಅಚ್ಚಿನ ತುದಿ ತಿರುಗಿ ತಿರುಗಿ ಸವೆಯದಿರಲೆಂದು ಇಟ್ಟ ಕೃತಕ ಮಾಣಿಕ್ಯದ ಚೂರುಗಳು. ಸೆಕೆಂಡಿಗೆ ಐದು ಬಾರಿ ಟಿಕ್ಕೆನ್ನುವ ಯಂತ್ರಕ್ಕೆ ಸವೆತ ತಪ್ಪಿದ್ದಲ್ಲ. ಅದನ್ನು ಮಾಡಿದವರಿಗೆ ಅದು ಗೊತ್ತಿತ್ತು. ಮೇಲಿನ ಗ್ಲಾಸು ಪ್ಲಾಸ್ಟಿಕ್ಕಿನದು. ಗೀರು ಬಿದ್ದರೆ ಹಲ್ಲುಜ್ಜುವ ಪೇಸ್ಟು ಹಚ್ಚಿ ತಿಕ್ಕಿದರೆ ಬಹುಮಟ್ಟಿಗೆ ಹೋಗುತ್ತದೆ.

ನನ್ನ ಮಟ್ಟಿಗೆ ಒಳ್ಳೆಯ ವಿನ್ಯಾಸವೆಂದರೆ ಇದು. ತಾನು ಕೆಡುತ್ತೇನೆಂದು ಒಪ್ಪಿಕೊಂಡು, ಇನ್ನೊಬ್ಬರ ಕೈಗೆ ಒಳಗೆ ಜಾಗ ಬಿಟ್ಟ ವಸ್ತು. ಅಗ್ಗದ ಕ್ವಾರ್ಟ್ಸ್ ವಾಚು ಕೆಟ್ಟರೆ ಒಳಗಿನ ಯಂತ್ರವನ್ನು ಇಡಿಯಾಗಿ ಎಸೆದು ಬೇರೆ ಕೂರಿಸುತ್ತಾರೆ. ಮೊಬೈಲುಗಳಲ್ಲಂತೂ ಬ್ಯಾಟರಿಯನ್ನು ಅಂಟು ಹಾಕಿ ಮುಚ್ಚಿರುವುದೇ ಹೆಚ್ಚು. ನೋಡಲು ಅವೇನೂ ಕುರೂಪವಲ್ಲ. ಜನತಾ ವಾಚಿಗಿಂತ ನುಣುಪಾಗಿಯೇ ಇವೆ.

2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಆಮೇಲೂ ಅದರ ವಾಚುಗಳು ನಡೆಯುತ್ತಿವೆ. ನಿಂತುಹೋದ ಒಂದರ ಬಿಡಿಭಾಗ ಇನ್ನೊಂದಕ್ಕೆ ಉಸಿರಾಗುತ್ತಿದೆ. ಆದರೆ ಆ ಮೂಲೆಯ ಅಂಗಡಿಯಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ಹಿರಿಯರ ಕೆಲಸ ಕಲಿಯಲು ಯಾರೂ ಬರಲಿಲ್ಲ. ಸಂಗ್ರಹಕಾರರು ದುಬಾರಿ ಬೆಲೆ ಕೊಟ್ಟು ಜನತಾ ವಾಚನ್ನು ಕೊಂಡು, ಕೀ ಕೊಡದೆ ಡಬ್ಬಿಯಲ್ಲಿಡುತ್ತಾರೆ. ಅವರು ಉಳಿಸುತ್ತಿರುವುದು ಅದರ ಮುಖವನ್ನು ಮಾತ್ರ. ವಾಚು ಉಳಿಯಬೇಕಾದರೆ ಅದನ್ನು ಬಿಚ್ಚಬಲ್ಲ ಕೈಗೂ ನಾಲ್ಕು ಕಾಸು ಹುಟ್ಟಬೇಕು.